ಕೊಲ್ಹಾಪುರದ ರಾಜ, ಇಟಲಿಯ ರಾಜಧಾನಿ

ಇಟಲಿಯ ರಾಜಧಾನಿಯಲ್ಲಿ ತೀರಿಕೊಂಡ ಕೊಲ್ಹಾಪುರದ ರಾಜ ಯಾರು?

ಗಡಹಿಂಗ್ಲಜದಲ್ಲಿ ಕಾಲೇಜು ಹುಡುಗರ ಮುಂದೆ ಈ ಪ್ರಶ್ನೆ ಇಟ್ಟಾಗ ಮುಂದಿನ ಬೆಂಚಿನವನೊಬ್ಬ ಎದ್ದುನಿಂತ. "ರಾಜಾರಾಮ ಮಹಾರಾಜರು ರೀ ಸರ. ಆದ್ರ ಪ್ರಶ್ನೇನ ತಪ್ಪೈತ್ರಿ. ಅವರು ತೀರಿಕೊಂಡಿದ್ದು ಫ್ಲಾರೆನ್ಸಿನಾಗ, ರೋಮಿನಾಗ ಅಲ್ಲ." ಇಂಥ ಮಾತು ಕೇಳುವುದಕ್ಕೆಂದೇ ನಾನು ರಸಪ್ರಶ್ನೆ ಹಿಡಿದುಕೊಂಡು ಊರೂರು ತಿರುಗುವುದು. ಅವನಿಗೆ ಎರಡು ಸಂಗತಿ ಗೊತ್ತಿದ್ದವು. ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದದ್ದೂ ಗೊತ್ತಾಗಿತ್ತು. ಕಲಿಕೆ ಶುರುವಾಗುವುದೇ ಆ ಡಿಕ್ಕಿಯಿಂದ.

ಪ್ರಶ್ನೆ ತಪ್ಪಿರಲಿಲ್ಲ. ಇಂಗ್ಲೆಂಡ್ ಪ್ರವಾಸ ಮುಗಿಸಿ ಮರಳುತ್ತಿದ್ದ ರಾಜಾರಾಮರು ತೀರಿಕೊಂಡದ್ದು 1870ರ ನವೆಂಬರ್ 30ರಂದು. ವಯಸ್ಸು ಇಪ್ಪತ್ತರ ಆಸುಪಾಸು. ಇಟಲಿಯ ಸೈನ್ಯ ರೋಮ್ ನಗರವನ್ನು ಅದೇ ಸೆಪ್ಟೆಂಬರಿನಲ್ಲಿ ಗೆದ್ದಿತ್ತು ನಿಜ, ಆದರೆ ಸರಕಾರ ಅಲ್ಲಿಗೆ ಹೋಗಿ ಕೂತದ್ದು ಮರುವರ್ಷ. ಮೊದಲು ಟ್ಯೂರಿನ್, 1865ರಿಂದ 1871ರವರೆಗೆ ಫ್ಲಾರೆನ್ಸ್, ಆಮೇಲೆ ರೋಮ್. ಹತ್ತೇ ವರ್ಷದಲ್ಲಿ ಮೂರು ರಾಜಧಾನಿ ಕಂಡ ದೇಶ ಅದು. ರಾಜನ ದೇಹವನ್ನು ಹಿಂದೂ ಪದ್ಧತಿಯಂತೆ ಸುಡಲು ಅಲ್ಲಿನ ಆಡಳಿತ ಅನುಮತಿ ಕೊಟ್ಟಿತು. ಚಿತೆ ಉರಿದದ್ದು ಆರ್ನೊ ಮತ್ತು ಮುನ್ಯೋನೆ ಹೊಳೆಗಳು ಕೂಡುವ ಕಡೆ. ಕೃಷ್ಣೆ, ಪಂಚಗಂಗೆ ಕೂಡುವ ನರಸೋಬನ ವಾಡಿಗೆ ಹೋಗಿಬರುವ ನಮ್ಮ ಜನಕ್ಕೆ ಸಂಗಮವನ್ನೇ ಏಕೆ ಹುಡುಕಿದರೆಂದು ಹೇಳಿಕೊಡಬೇಕಾಗಿಲ್ಲ. ಆ ಜಾಗದಲ್ಲಿ ಈಗ ಛತ್ರಿಯ ಕೆಳಗೆ ರಾಜನ ಪ್ರತಿಮೆ ಇದೆ. ಪಕ್ಕದ ಸೇತುವೆಯನ್ನು ಫ್ಲಾರೆನ್ಸಿನವರು 'ಇಂಡಿಯಾದವನ ಸೇತುವೆ' ಎಂದೇ ಕರೆಯುತ್ತಾರೆ.

ದೇಶ ಒಂದು ಕಡೆ, ರಾಜಧಾನಿ ಇನ್ನೊಂದು ಕಡೆ ಬರೆದುಕೊಂಡು ಬಾಯಿಪಾಠ ಮಾಡುವವರನ್ನು ನಾನು ತಡೆಯುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂಡ್ರುವ ಮಕ್ಕಳಿಗೆ ಅದು ಬೇಕು. ಆದರೆ ಪಟ್ಟಿಗೆ ಬಹುಬೇಗ ವಯಸ್ಸಾಗುತ್ತದೆ. ಕಜಕಸ್ತಾನದ ರಾಜಧಾನಿ ಅಸ್ತಾನಾ 2019ರಲ್ಲಿ ನೂರ್-ಸುಲ್ತಾನ್ ಆಯಿತು, 2022ರಲ್ಲಿ ಮತ್ತೆ ಅಸ್ತಾನಾ ಆಯಿತು. ಯಾವ ವರ್ಷದ ಮಾತು ಎಂದು ಕೇಳದೆ ರಾಜಧಾನಿಯ ಪ್ರಶ್ನೆಗೆ ಉತ್ತರ ಕೊಡಬಾರದು.

ರಾಜಾರಾಮ ಎಂಬ ಹೆಸರು ಹೊತ್ತ ಕೊಲ್ಹಾಪುರದ ಕಾಲೇಜಿನಿಂದ ಇನ್ನೊಂದು ರಾಜಧಾನಿಗೆ ದಾರಿ ಇದೆ. ಅಲ್ಲಿ ಓದಿದ ಕುಸ್ತಿಪಟು ಖಾಶಾಬಾ ಜಾಧವ್ 1952ರಲ್ಲಿ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಅವರನ್ನು ಕಳಿಸಲು ಪ್ರಾಂಶುಪಾಲ ಖರ್ಡೇಕರರು ಮನೆ ಒತ್ತೆ ಇಟ್ಟು 7,000 ರೂಪಾಯಿ ಹೊಂದಿಸಿದರು. ಈ ಪ್ರಶ್ನೆಯನ್ನು ಕೇಳುವವರೇ ಕೆಡಿಸುವುದುಂಟು. "ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದವರು ಯಾರು" ಎಂದರೆ 1900ರ ಪ್ಯಾರಿಸ್ಸಿನಲ್ಲಿ ಓಡಿದ ನಾರ್ಮನ್ ಪ್ರಿಚರ್ಡ್ ಅಡ್ಡ ಬರುತ್ತಾರೆ. "ಸ್ವತಂತ್ರ ಭಾರತಕ್ಕೆ" ಎನ್ನಬೇಕು. ಒಂದೇ ಪದ, ಆದರೆ ಅದು ಬಿಟ್ಟುಹೋದರೆ ಸರಿ ಉತ್ತರ ಹೇಳಿದ ಮಗು ಅಂಕ ಕಳೆದುಕೊಳ್ಳುತ್ತದೆ. ಹಾಗೆ ಕಳೆದುಕೊಂಡ ಮಗುವನ್ನು ಕಂಡಿದ್ದೇನೆ, ಇವತ್ತಿಗೂ ಮರೆತಿಲ್ಲ.

ಸಂಗೀತದ ಪ್ರಶ್ನೆ ಬಂದಾಗ, ಇಚಲಕರಂಜಿ ಎಂದರೆ ಮಗ್ಗ ಎಂದಷ್ಟೇ ತಿಳಿದವರಿಗೆ ಬಾಳಕೃಷ್ಣಬುವಾ ಇಚಲಕರಂಜೀಕರರ ಹೆಸರು ಹೇಳುತ್ತೇನೆ. ಗ್ವಾಲಿಯರ್ ಗಾಯನಶೈಲಿಯನ್ನು ಮಹಾರಾಷ್ಟ್ರಕ್ಕೆ ತಂದವರು ಅವರು. ಅವರ ಶಿಷ್ಯ, ಕುರುಂದವಾಡದ ವಿಷ್ಣು ದಿಗಂಬರ ಪಲುಸ್ಕರ್ 1901ರಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದದ್ದು ಪುಣೆಯಲ್ಲಲ್ಲ, ಮುಂಬೈಯಲ್ಲೂ ಅಲ್ಲ, ಲಾಹೋರಿನಲ್ಲಿ.

ಆಟದ ಪ್ರಶ್ನೆಗಳಲ್ಲಿ ನನಗೆ ಬಲು ಪ್ರಿಯವಾದದ್ದು ಬಾಸ್ಕೆಟ್‌ಬಾಲಿನದು. 1891ರಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿ ತೂಗುಹಾಕಿದ್ದು ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. 1936ರ ಬರ್ಲಿನ್ ಒಲಿಂಪಿಕ್ಸಿನ ಫೈನಲ್‌ನಲ್ಲಿ ಅಮೆರಿಕ ಕೆನಡಾವನ್ನು ಸೋಲಿಸಿದ್ದು ಬರೀ 19-8ರಿಂದ. ಏಕೆ ಅಷ್ಟು ಕಡಿಮೆ? ಗಡಹಿಂಗ್ಲಜದಲ್ಲಿ ಬಾಸ್ಕೆಟ್‌ಬಾಲ್ ಮುಟ್ಟಿಯೇ ಇರದ ಹುಡುಗನೊಬ್ಬ ಉತ್ತರ ಹೇಳಿದ: "ರಾಡಿ ಆಗಿರಬೇಕ್ರಿ, ಚೆಂಡು ಪುಟಿದಿರೂದಿಲ್ಲ." ಅವನು ಫುಟ್‌ಬಾಲ್ ಆಡುವವನು, ಆ ಊರಿಗೆ ಫುಟ್‌ಬಾಲಿನ ಹುಚ್ಚು. ನಿಜಕ್ಕೂ ಆ ಪಂದ್ಯ ನಡೆದದ್ದು ಬಯಲಿನಲ್ಲಿ, ಮಣ್ಣಿನ ಅಂಕಣದ ಮೇಲೆ, ಸುರಿಯುವ ಮಳೆಯಲ್ಲಿ. ಪುಸ್ತಕದಲ್ಲಿ ಓದದ್ದನ್ನು ಅವನ ಕಾಲೇ ಹೇಳಿಕೊಟ್ಟಿತ್ತು. ನಾನು ಪೂರ್ತಿ ಅಂಕದ ಜೊತೆಗೆ ಕೈಲಿದ್ದ ಪುಸ್ತಕವನ್ನೂ ಕೊಟ್ಟೆ. ಪುಸ್ತಕವನ್ನೇ ಬಹುಮಾನ ಕೊಡುವ ಪಾಠವನ್ನು ಚಂದನ ವಾಹಿನಿಯ 'ಥಟ್ ಅಂತ ಹೇಳಿ' 2002ರಿಂದ ನಮಗೆಲ್ಲ ಕಲಿಸಿದೆ.

ತತ್ತ್ವಶಾಸ್ತ್ರದ ಪ್ರಶ್ನೆ ಎಂದರೆ ಪ್ಲೇಟೊ, ಕಾಂಟ್ ಎಂದು ದೂರ ಓಡುತ್ತೇವೆ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಉಪನಿಷತ್ತುಗಳ ತತ್ತ್ವವನ್ನು ಕುರಿತು 1926ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ಬರೆದರು. ಮಹಾರಾಷ್ಟ್ರದ ಸಂತರ ಮೇಲೂ ಬರೆದರು, ಕನ್ನಡದ ಅನುಭಾವಿಗಳ ಮೇಲೂ ಬರೆದರು. ಅವರಿಗೆ ದೀಕ್ಷೆ ಕೊಟ್ಟ ಭಾವೂಸಾಹೇಬ ಮಹಾರಾಜರು ಜತ್ತ ತಾಲ್ಲೂಕಿನ ಉಮದಿಯವರು. ಕರ್ನಾಟಕ-ಮಹಾರಾಷ್ಟ್ರ ಗಡಿಯ ಮಗುವಿಗೆ ಮೊದಲು ಕೇಳಬೇಕಾದ ಪ್ರಶ್ನೆ ರಾನಡೆಯವರದು. ಪ್ಲೇಟೊ ಆಮೇಲೆ ಬರಲಿ.

ಈ ವಾರದ ಪ್ರಶ್ನೆ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ಚಿತ್ರೀಕರಣವಾದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ. ಊರಿನ ಹೆಸರನ್ನು ನಾನೇ ಹೇಳಿಬಿಟ್ಟಿದ್ದೇನೆ. ಬೆಂಗಳೂರು ಬಿಟ್ಟು ಅಷ್ಟು ದೂರ ಏಕೆ ಹೋದರು? ಮನೆಯ ಹಿರಿಯರನ್ನು ಕೇಳಿ, ಯೋಚಿಸಿ, ನಾಲ್ಕು ಸಾಲಿನಲ್ಲಿ ಬರೆದು ಪೋಸ್ಟ್‌ಕಾರ್ಡ್ ಹಾಕಿ.