ಕೇಳುವವನು ಮತ್ತು ಕೇಳಿಸುವವನು

ಹಾಡನ್ನು ಕೇಳುವುದು ಬೇರೆ, ಕೇಳಿಸುವುದು ಬೇರೆ. ವ್ಯಾಕರಣದಲ್ಲಿ ಇವೆರಡರ ನಡುವೆ ಇರುವುದು ‘ಇಸು’ ಎಂಬ ಒಂದು ಪ್ರೇರಣಾರ್ಥಕ ಪ್ರತ್ಯಯ ಮಾತ್ರ. ಬದುಕಿನಲ್ಲಿಯಾದರೋ ಆ ಪ್ರತ್ಯಯವು ಮನುಷ್ಯನ ಕಿವಿಯನ್ನೇ ಮಾರ್ಪಡಿಸಬಲ್ಲುದು. ಹಾಡು ಕೇಳಿ ಸಂತೋಷಪಡುತ್ತಿದ್ದವನು ಹಾಡು ಕೇಳಿಸುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡಾಗ ಅವನ ಸಂತೋಷ ಏನಾಗುತ್ತದೆ? ಬೆಳೆಯುತ್ತದೆಯೇ, ಬತ್ತುತ್ತದೆಯೇ, ಅಥವಾ ಬೇರೊಂದು ರೂಪವನ್ನು ತಾಳುತ್ತದೆಯೇ? ಇದು ರಸವಿಚಾರಕ್ಕೆ ಸೇರಿದ ಪ್ರಶ್ನೆ. ಆದುದರಿಂದ ಸಾಹಿತ್ಯ ಪತ್ರಿಕೆಯಲ್ಲಿ ಇದಕ್ಕೆ ಎಡೆಯುಂಟೆಂದು ಭಾವಿಸಿದ್ದೇನೆ.

ನಮ್ಮ ನ್ಯಾಲ್ಕಲ್ ಸೀಮೆಗೆ ಈ ಪ್ರಶ್ನೆ ದೂರದ್ದಲ್ಲ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯಿಂದ ಬೇರ್ಪಟ್ಟು ಮೇದಕ ಜಿಲ್ಲೆಯನ್ನು ಸೇರಿ, 2016ರಿಂದ ಸಂಗಾರೆಡ್ಡಿ ಜಿಲ್ಲೆಗೆ ಒಳಪಟ್ಟಿರುವ ಈ ನೆಲದಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು ನುಡಿಗಳು ಒಂದೇ ಸಂತೆಯಲ್ಲಿ ಕೂಡುತ್ತವೆ. ಮದುವೆಯ ಮೆರವಣಿಗೆಯಲ್ಲಿ, ಗಣೇಶ ವಿಸರ್ಜನೆಯಲ್ಲಿ, ಹಿಂದೆ ಹಲಗೆಯೂ ಬಾಜಾಬಜಂತ್ರಿಯೂ ನಡೆಯುತ್ತಿದ್ದ ಕಡೆ, ಈಗ ವಾಹನದ ಮೇಲೆ ಪೇರಿಸಿದ ಧ್ವನಿವರ್ಧಕಗಳು ಮೊಳಗುತ್ತವೆ. ಜನರು ಅದನ್ನು ‘ಡಿಜೆ’ ಎನ್ನುತ್ತಾರೆ. ಯಂತ್ರಕ್ಕೂ ಅದೇ ಹೆಸರು, ಯಂತ್ರವನ್ನು ನಡೆಸುವವನಿಗೂ ಅದೇ ಹೆಸರು. ಮನುಷ್ಯನೂ ಯಂತ್ರವೂ ಒಂದೇ ಹೆಸರಿನಲ್ಲಿ ಸೇರಿಹೋದದ್ದು ಆಕಸ್ಮಿಕವಿರಬಹುದು, ಆದರೆ ಅರ್ಥವಿಲ್ಲದ್ದಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಯ ಪ್ರಾರ್ಥನೆಯಲ್ಲಿ ಮುಂದೆ ನಿಂತು ಹಾಡುತ್ತಿದ್ದವನು. ವಚನಗಳನ್ನು ಯಾರು ಹಾಡಿದರೂ ಮೈಮರೆತು ಕೇಳುತ್ತಿದ್ದ. ಓದು ಮುಗಿದ ಮೇಲೆ ಮದುವೆಯ ಸುಗ್ಗಿಯಲ್ಲಿ ಡಿಜೆ ನಡೆಸುವವರ ಜೊತೆಗೂಡಿದ. ಬಳಿಕ ಅದೇ ಅವನ ವೃತ್ತಿಯಾಯಿತು. ಮೂರು ವರ್ಷಗಳ ತರುವಾಯ ಭೇಟಿಯಾದಾಗ, “ಈಗ ಯಾವ ಹಾಡು ಕೇಳುತ್ತೀಯಪ್ಪಾ?” ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಡು ಕೇಳಸ್ತದರಿ ಸರ್, ಮನಸಿಗಿ ಹತ್ತಲ್ಲ” ಎಂದ. ಆ ಮಾತು ನನ್ನನ್ನು ಬಹುಕಾಲ ಕಾಡಿತು. ಈ ಲೇಖನವು ಆ ಒಂದು ವಾಕ್ಯದ ವಿಮರ್ಶೆಯೆಂದರೂ ಸಲ್ಲುತ್ತದೆ.

ಮೊದಲು ಅವನ ಕೆಲಸದ ಬಗೆಯನ್ನು ನೋಡೋಣ. ಜನರು ಒಂದು ಹಾಡಿಗೆ ಕುಣಿಯುತ್ತಿರುವಾಗ ಅವನು ಒಂದು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಮುಂದಿನ ಹಾಡನ್ನು ಸಿದ್ಧಪಡಿಸುತ್ತಿರುತ್ತಾನೆ. ಎರಡರ ಲಯವೂ ಕೂಡಬೇಕು. ನಿಮಿಷಕ್ಕೆ 120 ಪೆಟ್ಟುಗಳ ಹಾಡಿಗೆ 126 ಪೆಟ್ಟುಗಳ ಹಾಡನ್ನು ಬೆಸೆಯಬೇಕಾದರೆ ಒಂದನ್ನು ಹಿಗ್ಗಿಸಬೇಕು, ಇಲ್ಲವೇ ಇನ್ನೊಂದನ್ನು ಕುಗ್ಗಿಸಬೇಕು. ಆದುದರಿಂದ ಜನರು ಸವಿಯುತ್ತಿರುವ ಹಾಡು ಅವನ ಪಾಲಿಗೆ ಆಗಲೇ ಮುಗಿದುಹೋಗಿದೆ. ಅವನು ಸದಾ ಇನ್ನೂ ಬಾರದ ಹಾಡಿನಲ್ಲಿ ವಾಸಿಸುತ್ತಾನೆ. ಕೇಳುಗನಿಗೆ ಪಲ್ಲವಿಯು ಮರಳಿ ಬರುವುದೆಂದರೆ ಮನೆಗೆ ಮರಳಿದ ಹಾಗೆ. ಇವನಿಗೆ ಅದು ಹಾಡನ್ನು ಕತ್ತರಿಸಲು ಅನುಕೂಲವಾದ ಸ್ಥಳ. ಅವನ ಕಣ್ಣು ಜನರ ಕಾಲುಗಳ ಮೇಲಿರುತ್ತದೆ. ಕಾಲು ತಡೆದರೆ ಹಾಡು ಬದಲಾಗಬೇಕು. ವರನ ಕಡೆಯವರು ತೆಲುಗು ಹಾಡು ಕೇಳಿದರೆ ವಧುವಿನ ಕಡೆಯವರು ಕನ್ನಡದ್ದನ್ನು ಬೇಡುತ್ತಾರೆ. ಗೆಳೆಯರಿಗೆ ಹಿಂದಿಯೋ ಮರಾಠಿಯೋ ಬೇಕು. ಎಲ್ಲರಿಗೂ ಅವರವರ ಹಾಡು ದೊರೆಯುತ್ತದೆ. ಹಂಚುವವನಿಗೆ ಮಾತ್ರ ತನ್ನದೆಂಬ ಹಾಡು ಉಳಿಯುವುದಿಲ್ಲ.

ಇಲ್ಲಿ ನಮ್ಮ ಪ್ರಾಚೀನ ಮೀಮಾಂಸಕರು ನೆರವಿಗೆ ಬರುತ್ತಾರೆ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲಿ ಪ್ರಕಟವಾದಂದಿನಿಂದ ಕನ್ನಡ ಅಧ್ಯಾಪಕರಿಗೆ ರಸಸಿದ್ಧಾಂತದ ಪರಿಚಯ ಸುಲಭವಾಗಿದೆ. ಕಾಶ್ಮೀರದ ಅಭಿನವಗುಪ್ತನು ನಾಟ್ಯಶಾಸ್ತ್ರಕ್ಕೆ ಬರೆದ ‘ಅಭಿನವಭಾರತಿ’ ಎಂಬ ವ್ಯಾಖ್ಯಾನದಲ್ಲಿ ರಸಾನುಭವಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲಿ ಒಂದು ‘ನಿಜಸುಖಾದಿವಿವಶೀಭಾವ’. ಅಂದರೆ ತನ್ನ ಸ್ವಂತ ಸುಖದುಃಖಗಳಲ್ಲಿ ಸಿಕ್ಕಿಬಿದ್ದವನ ಮನಸ್ಸು ಮತ್ತೊಂದರಲ್ಲಿ ವಿಶ್ರಮಿಸಲಾರದು. ಈ ವಿಘ್ನಕ್ಕೆ ಪರಿಹಾರವಾಗಿ ಅವನು ಹೇಳುವುದರಲ್ಲಿ ಮೊದಲಿಗೆ ಬರುವುದು ವಾದ್ಯ ಮತ್ತು ಗಾನ. ಸಹೃದಯನಲ್ಲದವನ ಹೃದಯವನ್ನೂ ಅವು ನಿರ್ಮಲಗೊಳಿಸಿ ಸಹೃದಯನನ್ನಾಗಿ ಮಾಡುತ್ತವೆ ಎಂಬುದು ಅವನ ಅಭಿಪ್ರಾಯ.

ಈ ಮಾತನ್ನು ನಮ್ಮ ಹುಡುಗನ ಸ್ಥಿತಿಗೆ ಅನ್ವಯಿಸಿ ನೋಡಿದರೆ ಕಷ್ಟದ ಬೇರು ಕಾಣುತ್ತದೆ. ಉಳಿದವರಿಗೆ ಸಂಸಾರದ ಚಿಂತೆಯನ್ನು ಕಳೆಯುವ ಔಷಧವೇ ಸಂಗೀತ. ಅವನಿಗೆ ಸಂಗೀತವೇ ಸಂಸಾರದ ಚಿಂತೆ. ಕೂಲಿ, ಬಾಡಿಗೆ, ಯಜಮಾನನ ಸಿಟ್ಟು, ಸುಟ್ಟುಹೋದ ಧ್ವನಿವರ್ಧಕ, ಇವೆಲ್ಲವೂ ಆ ನಾದಕ್ಕೆ ಅಂಟಿಕೊಂಡಿವೆ. ಔಷಧವನ್ನೇ ಅನ್ನವಾಗಿ ಉಣ್ಣುವವನಿಗೆ ರೋಗ ಬಂದರೆ ಕೊಡುವುದೇನನ್ನು? “ಮನಸಿಗಿ ಹತ್ತಲ್ಲ” ಎಂಬ ಮಾತಿನ ಅರ್ಥ ಇದೇ. ಅವನ ಅಭಿರುಚಿ ಕೆಟ್ಟಿಲ್ಲ. ಅದಕ್ಕೆ ಬಿಡುವು ಸಿಕ್ಕಿಲ್ಲ.

ಆಧುನಿಕ ಮನಶ್ಶಾಸ್ತ್ರದಲ್ಲಿಯೂ ಇದಕ್ಕೆ ಹತ್ತಿರವಾದ ಒಂದು ಪ್ರಯೋಗವುಂಟು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಅಮೆರಿಕದ ವಿದ್ವಾಂಸರು, ಚಿತ್ರ ಬರೆಯುವುದರಲ್ಲಿ ಆಸಕ್ತಿಯಿದ್ದ ಶಿಶುಶಾಲೆಯ ಮಕ್ಕಳಲ್ಲಿ ಕೆಲವರಿಗೆ ಬಹುಮಾನದ ಪತ್ರ ಕೊಡುವುದಾಗಿ ಮೊದಲೇ ಹೇಳಿ ಚಿತ್ರ ಬರೆಯಿಸಿದರು. ಕೆಲವು ದಿನಗಳ ಬಳಿಕ ಬಿಡುವಿನ ವೇಳೆಯಲ್ಲಿ ನೋಡಿದಾಗ, ಆ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರದಲ್ಲಿ ತೊಡಗಿದ್ದರು. ಆದರೆ ಬಹುಮಾನವನ್ನು ನಿರೀಕ್ಷಿಸದೆ ಪಡೆದ ಮಕ್ಕಳ ಆಸಕ್ತಿ ಕುಗ್ಗಿರಲಿಲ್ಲ. ಹಾನಿ ಮಾಡುವುದು ಪ್ರತಿಫಲವಲ್ಲ, ಪ್ರತಿಫಲಕ್ಕಾಗಿಯೇ ಮಾಡುತ್ತಿದ್ದೇನೆಂಬ ಭಾವ.

ಮನಸ್ಸಿನ ಮಾತು ಹೀಗಾಯಿತು. ಕಿವಿಯೆಂಬ ಇಂದ್ರಿಯದ ಪಾಡನ್ನೂ ಮರೆಯಲಾಗದು. 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಹೊತ್ತು ದುಡಿಯಬಾರದೆಂದೂ, ಮುಂದೆ ಪ್ರತಿ 3 ಡೆಸಿಬೆಲ್‌ಗೆ ಆ ಅವಧಿಯನ್ನು ಅರ್ಧಕ್ಕೆ ಇಳಿಸಬೇಕೆಂದೂ ತಜ್ಞರ ಒಂದು ಲೆಕ್ಕವಿದೆ. ಅದರಂತೆ 100 ಡೆಸಿಬೆಲ್‌ಗೆ ದೊರೆಯುವುದು ಕೇವಲ ಹದಿನೈದು ನಿಮಿಷ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಮಂಕಾಗುವುದು ಎತ್ತರದ ಸ್ವರಗಳು. 2000ದ ಶಬ್ದಮಾಲಿನ್ಯ ನಿಯಮಗಳು ಜನವಸತಿಯಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್‌ಗಳ ಮಿತಿಯನ್ನು ವಿಧಿಸಿವೆ. ಆ ಮಿತಿ ಇರುವುದು ಊರಿನವರ ನೆಮ್ಮದಿಗಾಗಿ. ಪೆಟ್ಟಿಗೆಯ ಪಕ್ಕದಲ್ಲಿಯೇ ನಿಂತಿರುವ ಹುಡುಗನ ಕಿವಿಯನ್ನು ಯಾರು ವಿಚಾರಿಸುತ್ತಾರೆ?

ಹಾಗಾದರೆ ಕೇಳಿಸುವ ವೃತ್ತಿಯೆಲ್ಲವೂ ರಸಕ್ಕೆ ವೈರಿಯೇ? ಹಾಗೆಂದು ತೀರ್ಮಾನಿಸುವುದು ಅವಸರವಾದೀತು. 1952ರಲ್ಲಿ ಸಿಲೋನ್ ರೇಡಿಯೋದಿಂದ ‘ಬಿನಾಕಾ ಗೀತಮಾಲಾ’ವನ್ನು ನಡೆಸತೊಡಗಿದ ಅಮೀನ್ ಸಯಾನಿಯವರೂ ತಟ್ಟೆಗಳನ್ನು ಕೇಳಿಸುವವರೇ. ಆದರೆ ಅವರ ಕೇಳುಗರು ಮನೆಯಲ್ಲಿ ಕುಳಿತು ವಾರಕ್ಕೊಮ್ಮೆ ಹಾಡಿಗಾಗಿ ಕಾಯುತ್ತಿದ್ದವರು. ಹಾಡಿಗೆ ಮೊದಲು ಒಂದು ಮಾತಿತ್ತು, ಮಾತಿಗೂ ಹಾಡಿಗೂ ನಡುವೆ ಒಂದು ಉಸಿರಿನ ಬಿಡುವಿತ್ತು. ಇನ್ನು ನಮ್ಮ ಮಲ್ಲಿಕಾರ್ಜುನ ಮನ್ಸೂರರು (1910–1992) ನಾಟಕ ಕಂಪನಿಯಲ್ಲಿ ಹಾಡಿದರು, ಎಚ್.ಎಂ.ವಿ. ಸಂಸ್ಥೆಯಲ್ಲಿ ಸಂಗೀತ ನಿರ್ದೇಶಕರಾಗಿದ್ದರು, ಧಾರವಾಡ ಆಕಾಶವಾಣಿಗೆ ಸಲಹೆಗಾರರಾಗಿದ್ದರು. ಸಂಗೀತದಿಂದಲೇ ಅನ್ನ ಉಂಡವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು ‘ನನ್ನ ರಸಯಾತ್ರೆ’. ಅವರ ರಸವನ್ನು ಕಾಪಾಡಿದ್ದು ಯಾವುದು? ಗಾಯಕರೆಂದು ಹೆಸರಾಗಿ, ಧ್ವನಿಮುದ್ರಿಕೆಗಳು ಹೊರಬಂದ ಮೇಲೂ ಅವರು ಮಂಜೀಖಾನರ ಬಳಿ, ಆಮೇಲೆ ಭೂರ್ಜೀಖಾನರ ಬಳಿ ಶಿಷ್ಯರಾಗಿ ಕುಳಿತರು. ಲೋಕಕ್ಕೆ ಕೇಳಿಸುವವರಾಗಿದ್ದರೂ ಒಂದು ಕಡೆ ಕೇಳುವವರಾಗಿಯೇ ಉಳಿದರು. ಇದನ್ನೇ ನಾನು ಮುಖ್ಯವೆಂದು ಎಣಿಸುತ್ತೇನೆ. ವೃತ್ತಿಯು ರಸವನ್ನು ಕೊಲ್ಲುವುದಿಲ್ಲ. ಶಿಷ್ಯತ್ವವಿಲ್ಲದ ವೃತ್ತಿಯು ಕೊಲ್ಲುತ್ತದೆ.

ವೃತ್ತಿಯಿಂದ ಲಾಭವೂ ಇಲ್ಲದಿಲ್ಲ. ಹಾಡಿನ ಕಟ್ಟು ಎಲ್ಲಿ ಬಿಗಿಯಾಗಿದೆ, ಎಲ್ಲಿ ಸಡಿಲವಾಗಿದೆ, ಯಾವ ವಾದ್ಯ ಎಲ್ಲಿ ಹಿಂದೆ ಸರಿಯುತ್ತದೆ ಎಂಬುದನ್ನು ಆ ಹುಡುಗನು ನನಗಿಂತ ಚೆನ್ನಾಗಿ ಬಲ್ಲ. ಈ ತಿಳಿವಳಿಕೆ ಆಸ್ವಾದಕ್ಕೆ ಅಡ್ಡಿಯಾಗಬೇಕಾದುದಿಲ್ಲ. ಛಂದಸ್ಸನ್ನು ಬಲ್ಲವನು ಷಟ್ಪದಿಯನ್ನು ಕಡಿಮೆ ಸವಿಯುತ್ತಾನೆಯೇ? ತಿಳಿವಳಿಕೆಯು ರಸದ ಸೇವಕನಾಗಿ ನಿಂತರೆ ಸಾಕು.

ಈ ಹಂತದಲ್ಲಿ ಅಧ್ಯಾಪಕರಾದ ನಾವು ನಮ್ಮ ಕಡೆಗೂ ನೋಡಿಕೊಳ್ಳಬೇಕಾಗಿದೆ. ನಾವೂ ಕೇಳಿಸುವವರೇ. ಅದೇ ಪದ್ಯವನ್ನು ವರ್ಷವರ್ಷವೂ ಓದುತ್ತೇವೆ. ಪದ್ಯ ಕಿವಿಗೆ ಬೀಳುವುದಕ್ಕೆ ಮುಂಚೆಯೇ ‘ಸಂದರ್ಭಸಹಿತ ವಿವರಿಸಿ’ ಎಂಬ ಪ್ರಶ್ನೆ ಕೇಳಿಸುತ್ತದೆ. ಡಿಜೆಯವನು ಜನರ ಕಾಲನ್ನು ನೋಡಿ ಹಾಡನ್ನು ಕತ್ತರಿಸುವಂತೆ ನಾವು ಪರೀಕ್ಷೆಯನ್ನು ನೋಡಿ ಕವಿತೆಯನ್ನು ಕತ್ತರಿಸುತ್ತೇವೆ. ಗಡಿಯಾಚೆಯ ಈ ಊರುಗಳಲ್ಲಿ ಅನೇಕ ಮಕ್ಕಳಿಗೆ ಕನ್ನಡ ಕವಿತೆ ಮೊದಲು ಸಿಗುವುದು ನಮ್ಮ ದನಿಯಲ್ಲಿ. ಆ ದನಿಯಲ್ಲಿ ಸವಿ ಬತ್ತಿದ್ದರೆ ಮಕ್ಕಳು ಕನ್ನಡವನ್ನೇ ಬತ್ತಿದ ನುಡಿಯೆಂದು ತಿಳಿದಾರು. ನನ್ನ ಶಿಷ್ಯನ ವಾಕ್ಯವನ್ನು ಕೇಳಿ ನಾನು ನಿಜವಾಗಿ ಅಂಜಿದ್ದು ಅವನಿಗಾಗಿ ಅಲ್ಲ. ಅದೇ ವಾಕ್ಯವನ್ನು ನಾನು ಪಂಪನ ವಿಷಯದಲ್ಲಿ ಹೇಳಿಬಿಡುವ ದಿನ ಬರಬಹುದೆಂದು.

ಪರಿಹಾರ ದೊಡ್ಡದೇನೂ ಅಲ್ಲ. ಡಿಜೆಯವನು ದಿನಕ್ಕೊಂದು ಹಾಡನ್ನು, ಎಲ್ಲಿಯೂ ಬಳಸಲಾರದಂತಹದನ್ನು, ಮೆಲ್ಲನೆಯ ಧ್ವನಿಯಲ್ಲಿ ಕೊನೆಯವರೆಗೆ ಕೇಳಲಿ. ಅಧ್ಯಾಪಕನು ಪಠ್ಯದಲ್ಲಿಲ್ಲದ ಒಂದು ಪದ್ಯವನ್ನು ತನಗಾಗಿ ಓದಲಿ. ವಿದ್ಯಾರ್ಥಿಗಳೇ, ನೀವೂ ಒಂದು ಕವಿತೆಯನ್ನು ಅಂಕಗಳ ಹಂಗಿಲ್ಲದೆ ಬಾಯಿಪಾಠ ಮಾಡಿ ನೋಡಿ.

ಕಳೆದ ಶಿವರಾತ್ರಿಯ ಭಜನೆಗೆ ಆ ಹುಡುಗನನ್ನು ಕರೆದಿದ್ದೆ. ಬಂದು ಹಿಂದುಗಡೆ ಗೋಡೆಗೆ ಒರಗಿ ಕುಳಿತ. ಮೊದಲ ಪದದಲ್ಲಿ ತಾಳ ಓಡಿತು. ಅವನು ನನ್ನ ಕಡೆ ನೋಡಿ ನಕ್ಕ. ಎರಡನೆಯದರಲ್ಲಿಯೂ ಓಡಿತು. ಆಗ ತಿರುಗಿ ನೋಡಿದರೆ ಅವನ ಕಣ್ಣು ಮುಚ್ಚಿದ್ದವು, ಬೆರಳು ತೊಡೆಯ ಮೇಲೆ ಜನರೊಡನೆ ತಾನೂ ಓಡುತ್ತಿತ್ತು.