ಒಂದು ವರ್ಷದ ಆಲಸ್ಯ, ಒಂದು ದಿನದ ದೋಷ

ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಇರುವ ಅಶೋಕನ ಕಿರು ಬಂಡೆಶಾಸನಗಳನ್ನು ಧರ್ಮಪ್ರಸಾರದ ದಾಖಲೆಗಳೆಂದು ಓದುವುದು ರೂಢಿಯಾಗಿದ್ದರೂ, ಕ್ರಿ.ಪೂ. 3ನೆಯ ಶತಮಾನದ ಈ ಪ್ರಾಕೃತ ಪಠ್ಯದ ಮೊದಲ ಭಾಗವನ್ನು ಆತ್ಮಾವಲೋಕನದ, ಎಂದರೆ ತನ್ನ ನಡೆಯನ್ನು ತಾನೇ ಪರೀಕ್ಷಿಸಿಕೊಳ್ಳುವ ಕ್ರಿಯೆಯ, ಬರಹವೆಂದು ಓದಿದಾಗ ಅದರ ತೂಕ ಬೇರೆಯಾಗುತ್ತದೆ. ಆರ್. ಎಲ್. ಟರ್ನರ್ 1932ರಲ್ಲಿ ಹೈದರಾಬಾದಿನ ಪುರಾತತ್ತ್ವ ಗ್ರಂಥಮಾಲೆಯಲ್ಲಿ ಸಂಪಾದಿಸಿದ ಈ ಎರಡರಲ್ಲಿ ಪಾಲ್ಕಿಗುಂಡಿನ ಪ್ರತಿ ಬಹುವಾಗಿ ಸವೆದಿದೆ; ಗವಿಮಠದ್ದು ಚೆನ್ನಾಗಿ ಉಳಿದಿದೆ. ತಾನು ಉಪಾಸಕನಾಗಿ, ಎಂದರೆ ಬುದ್ಧಮಾರ್ಗದ ಗೃಹಸ್ಥ ಅನುಯಾಯಿಯಾಗಿ, ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಸಂದಿತೆಂದೂ, ಅದರಲ್ಲಿ ಒಂದು ವರ್ಷ ಹೇಳಿಕೊಳ್ಳುವಂಥ ಪ್ರಯತ್ನ ಮಾಡಲಿಲ್ಲವೆಂದೂ, ಸಂಘದ ಸಮೀಪಕ್ಕೆ ಬಂದ ಮೇಲಷ್ಟೇ ಚೆನ್ನಾಗಿ ಶ್ರಮಿಸಿದೆನೆಂದೂ ದೊರೆ ಅಲ್ಲಿ ಒಪ್ಪಿಕೊಳ್ಳುತ್ತಾನೆ.

ಬಿರುದುಗಳನ್ನೂ ಗೆಲುವುಗಳನ್ನೂ ಕೊರೆಯಿಸುವುದು ಅರಸರ ವಾಡಿಕೆಯಾದ ನಾಡಿನಲ್ಲಿ ಕಳೆದುಹೋದ ಒಂದು ವರ್ಷವನ್ನು ಕಲ್ಲಿಗೆ ಒಪ್ಪಿಸಿದ್ದು ಸಣ್ಣ ಸಂಗತಿಯಲ್ಲ. ತಪ್ಪಾಯಿತೆಂಬ ಮಸುಕು ಮಾತಿಗಿಂತ ಇಷ್ಟು ಕಾಲ ಸೋತೆ ಎಂಬ ಲೆಕ್ಕ ಮೇಲಾದದ್ದು, ಏಕೆಂದರೆ ಅಳೆದ ಸೋಲನ್ನು ಮಾತ್ರ ಮುಂದಿನ ಶ್ರಮದೊಡನೆ ಹೋಲಿಸಿ ನೋಡಲು ಸಾಧ್ಯ.

ಆದರೆ ಈ ಅವಲೋಕನದ ಕೊರತೆಯೂ ಅಲ್ಲಿಯೇ ಇದೆ. ಆ ವರ್ಷದಲ್ಲಿ ಮಾಡದೆ ಬಿಟ್ಟದ್ದು ಯಾವುದು ಎಂಬುದನ್ನು ಪಠ್ಯ ಹೇಳುವುದಿಲ್ಲ; ಮರುಕ್ಷಣವೇ ಅದು ಫಲದ ಘೋಷಣೆಗೆ ತಿರುಗಿ, ಜಂಬೂದ್ವೀಪದಲ್ಲಿ ದೇವತೆಗಳು ಮನುಷ್ಯರೊಡನೆ ಬೆರೆತರೆಂದು ಸಾರಿ, ಇತರರಿಗೆ ಬೋಧಿಸತೊಡಗುತ್ತದೆ. ಅಶೋಕನ ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಹತರಾದರೆಂದೂ ಒಂದೂವರೆ ಲಕ್ಷ ಜನ ನೆಲೆ ತಪ್ಪಿ ಒಯ್ಯಲ್ಪಟ್ಟರೆಂದೂ ಪರಿತಪಿಸುವ 13ನೆಯ ಬಂಡೆಶಾಸನ ಕೊಪ್ಪಳದಲ್ಲಿಲ್ಲ. ಕಳಿಂಗದ್ದೇ ಆದ ಧೌಲಿ, ಜೌಗಡಗಳಲ್ಲಿಯೂ ಅದನ್ನು ಕೈಬಿಡಲಾಗಿದೆ. ನೋವುಂಡವರ ನೆಲಕ್ಕೆ ತಲುಪದ ಪಶ್ಚಾತ್ತಾಪ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅರ್ಧಕ್ಕೇ ನಿಂತದ್ದೆಂದು ಹೇಳಬೇಕಾಗುತ್ತದೆ.

ಈ ಕೊರತೆಗೆ ಉತ್ತರವೆನ್ನಬಹುದಾದ ಸಾಧನೆಯೊಂದರ ನೆನಪು ಅದೇ ಪಾಲ್ಕಿಗುಂಡಿನಲ್ಲಿದೆ. ಸಂಸ್ಕೃತದ ‘ವರಾಂಗಚರಿತ’ವನ್ನು ರಚಿಸಿದ ಜೈನ ಮುನಿ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬಾತ ಮಾಡಿಸಿದನೆಂದು ಅಲ್ಲಿನ ಕನ್ನಡ ಬರಹ ತಿಳಿಸುತ್ತದೆ. ಕೊಪಣವೆಂಬ ಹಳೆಯ ಹೆಸರಿನಿಂದ ಜೈನರ ಮಹಾತೀರ್ಥವಾಗಿದ್ದ ಈ ಊರಿಗೆ ಬಂದು ನೆಲೆಸಿದ ಮುನಿಗಳಿಗೆ ಆರು ಆವಶ್ಯಕಗಳು, ಎಂದರೆ ತಪ್ಪದೆ ಮಾಡಬೇಕಾದ ಕ್ರಿಯೆಗಳು, ವಿಹಿತವಾಗಿದ್ದವು; ಅವುಗಳಲ್ಲೊಂದಾದ ಪ್ರತಿಕ್ರಮಣವೆಂದರೆ ವ್ರತದಿಂದ ಜಾರಿದ ಮನಸ್ಸು ಮರಳಿ ವ್ರತಕ್ಕೆ ಬರುವುದು. ಹಗಲಿನ ದೋಷಕ್ಕೆ ದೈವಸಿಕ, ಇರುಳಿನದಕ್ಕೆ ರಾತ್ರಿಕ, ಅನಂತರ ಪಕ್ಷ, ನಾಲ್ಕು ತಿಂಗಳು, ವರ್ಷ ಎಂದು ಅದರ ಅವಧಿಗಳು ಹಿಗ್ಗುತ್ತ ಹೋಗುತ್ತವೆ. ಇದರೊಡನೆ ಆಲೋಚನೆ ಎಂಬುದೂ ಉಂಟು. ಈ ಪದಕ್ಕೆ ಇಲ್ಲಿ ಚಿಂತನೆಯೆಂಬ ಬಳಕೆಯ ಅರ್ಥವಲ್ಲದೆ ತನ್ನ ದೋಷವನ್ನು ಗುರುವಿನ ಮುಂದೆ ಮರೆಮಾಚದೆ ಹೇಳುವುದು ಎಂಬ ಅರ್ಥವಿದೆ. ಶಾಸನ ಒಂದು ವರ್ಷವನ್ನು ಒಟ್ಟಾಗಿ ನೋಡಿದರೆ ಪ್ರತಿಕ್ರಮಣ ನಡೆಯುವಾಗ ತುಳಿದ ಹುಳುವನ್ನೂ ಆಡಿದ ಒರಟು ಮಾತನ್ನೂ ಅಂದೇ ಹೆಸರಿಟ್ಟು ಕರೆಯುತ್ತದೆ, ಮತ್ತು ಬೆಳವಣಿಗೆಯ ದೃಷ್ಟಿಯಿಂದ ಈ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ತಪ್ಪು ಅಭ್ಯಾಸವಾಗಿ ಗಟ್ಟಿಗೊಳ್ಳುವ ಮೊದಲೇ ಅದನ್ನು ಅದು ಹಿಡಿಯುತ್ತದೆ.

ಪ್ರತಿಕ್ರಮಣಕ್ಕೂ ಅಪಾಯವಿಲ್ಲದಿಲ್ಲ: ಗೊತ್ತಾದ ಪಾಠವನ್ನು ಗೊತ್ತಾದ ಹೊತ್ತಿಗೆ ಉಚ್ಚರಿಸುವ ಕ್ರಮದಲ್ಲಿ ನಾಲಿಗೆ ನಡೆದು ಮನಸ್ಸು ನಿಂತುಬಿಡಬಹುದು, ಮತ್ತು ಜೈನ ಶಾಸ್ತ್ರಕಾರರು ಭಾವವಿಲ್ಲದ ಇಂಥ ಕ್ರಿಯೆಯನ್ನು ದ್ರವ್ಯಪ್ರತಿಕ್ರಮಣವೆಂದು ಬೇರೆಯಾಗಿಯೇ ಗುರುತಿಸಿದರು. ಗವಿಮಠದ ಶಾಸನ ಈ ವಿಷಯದಲ್ಲಿ ಉದಾರವಾಗಿದೆ. ದೀಕ್ಷೆಯನ್ನೂ ಪಾಠವನ್ನೂ ಕೇಳದೆ, ಶ್ರಮಪಟ್ಟರೆ ಹಿರಿಯನಂತೆ ಕಿರಿಯನೂ ಸ್ವರ್ಗವನ್ನು ಪಡೆಯಬಲ್ಲನೆಂದು ಅದು ಹೇಳುತ್ತದೆ, ಮತ್ತು ಆ ಮಾತಿಗೆ ಬಲ ಬರುವುದು ಹಾಗೆ ಹೇಳಿದವನು ತನ್ನ ಒಂದು ವರ್ಷದ ಆಲಸ್ಯವನ್ನು ಅದಕ್ಕೂ ಮೊದಲ ಸಾಲುಗಳಲ್ಲಿಯೇ ಒಪ್ಪಿಕೊಂಡಿರುವುದರಿಂದ.