ಹೊಗಳಿಕೆಯಲ್ಲಿ ಕಳೆದುಹೋದ ಆಲ್ಬಂ

ಮಡೋನಾ ಅವರ ‘ಕನ್ಫೆಶನ್ಸ್ ಆನ್ ಎ ಡಾನ್ಸ್ ಫ್ಲೋರ್’ ಪಾರ್ಟಿಗೆ ಹೇಳಿ ಮಾಡಿಸಿದ್ದು, ತಲೆ ಕೆಡಿಸಿಕೊಳ್ಳದೆ ಕುಣಿದರೆ ಸಾಕು ಎಂದು ಅದರ ಅಭಿಮಾನಿಗಳು ಹೇಳುತ್ತ ಬಂದಿದ್ದಾರೆ. 2005ರ ನವೆಂಬರಿನಲ್ಲಿ ಬಂದಾಗಲೂ ಇದೇ ಮಾತು, ಈಗಲೂ ಇದೇ. 2003ರ ‘ಅಮೆರಿಕನ್ ಲೈಫ್’ ಗಂಭೀರವಾಯಿತು, ಜನ ಒಪ್ಪಲಿಲ್ಲ, ಮತ್ತೆ ಡಿಸ್ಕೊಗೆ ಮರಳಿ ಗೆದ್ದರು ಎಂಬ ಕಥೆಗೆ ವಿಮರ್ಶಕರೂ ಮುದ್ರೆ ಒತ್ತಿದರು. 2007ರಲ್ಲಿ ಗ್ರ್ಯಾಮಿಯೂ ಬಂತು. ಇಷ್ಟೊಂದು ಪ್ರೀತಿಯೇ ಈ ಕೃತಿಯನ್ನು ಸಣ್ಣದು ಮಾಡಿದೆ ಎಂಬುದು ನನ್ನ ತಕರಾರು.

ಮೊದಲ ಹಾಡು ‘ಹಂಗ್ ಅಪ್’ನ ಆರಂಭವನ್ನಷ್ಟೇ ಗಮನವಿಟ್ಟು ಕೇಳಿ. ಮೊದಲು ಗಡಿಯಾರದ ಟಿಕ್‌ಟಿಕ್. ಅದರ ಕೆಳಗಿನಿಂದ ಅಬ್ಬಾ ತಂಡದ 1979ರ ‘ಗಿಮ್ಮಿ! ಗಿಮ್ಮಿ! ಗಿಮ್ಮಿ!’ಯ ಸಿಂಥ್ ರಾಗ ಏಳುತ್ತದೆ, ಆದರೆ ಮಂಕಾಗಿ. ಫಿಲ್ಟರ್ ಹಾಕಿ ಅದರ ಹೊಳಪನ್ನೆಲ್ಲ ಒತ್ತಿಹಿಡಿಯಲಾಗಿದೆ. ಮುಚ್ಚಿದ ಬಾಗಿಲಾಚೆಯ ಮದುವೆಮನೆಯ ವಾದ್ಯ ಬೀದಿಗೆ ಕೇಳಿಸುವಂತೆ ಅದು ಕೇಳಿಸುತ್ತದೆ. ಆಮೇಲೆ ಫಿಲ್ಟರ್ ಸಡಿಲವಾಗುತ್ತ ರಾಗ ಹತ್ತಿರ ಬರುತ್ತದೆ, ಬೀಟ್ ಪೂರ್ತಿ ಬೀಳುವ ಹೊತ್ತಿಗೆ ಕೇಳುಗ ಒಳಗೆ ಬಂದಾಗಿರುತ್ತದೆ. ಹಾಡಿನ ವಸ್ತುವೋ, ಪ್ರಿಯಕರನ ಕರೆಗಾಗಿ ಕಾದು ಬೇಸತ್ತ ಹೆಣ್ಣಿನ ಅಳಲು. ಆಕೆ ಬಾಯಿ ತೆರೆಯುವ ಮೊದಲೇ ಆ ಕಾಯುವಿಕೆಯನ್ನು ನಾವು ಅನುಭವಿಸಿರುತ್ತೇವೆ. ನಡುವೆ ಮತ್ತೊಮ್ಮೆ ವಾದ್ಯಗಳೆಲ್ಲ ಮಸುಕಾಗಿ ಗಡಿಯಾರ ಮುಂದೆ ಬರುತ್ತದೆ. ಅದು ಕುಣಿಯುವವರಿಗೆ ಕೊಟ್ಟ ಬಿಡುವಲ್ಲ, ಸಹನೆ ಮುಗಿಯುತ್ತಿರುವ ಗಳಿಗೆ.

ಅಬ್ಬಾದ ರಾಗ ಎರವಲು ತಂದದ್ದನ್ನು ಹಳೆಯ ಡಿಸ್ಕೊದ ಹಂಬಲ ಎಂದು ತಳ್ಳಿಹಾಕುವವರಿದ್ದಾರೆ. ಮೂಲ ಹಾಡಿನಲ್ಲಿರುವುದೂ ನಡುರಾತ್ರಿ ಒಂಟಿಯಾಗಿ ಕೂತ ಹೆಣ್ಣೇ ಅಲ್ಲವೇ? ತಮ್ಮ ಸಂಗೀತವನ್ನು ಸುಲಭಕ್ಕೆ ಬಿಟ್ಟುಕೊಡದ ಅಬ್ಬಾದ ಬೆನ್ನಿ ಆಂಡರ್ಸನ್ ಮತ್ತು ಬ್ಯೋರ್ನ್ ಉಲ್ವೇಯಸ್ ಅವರಿಗೆ ಮಡೋನಾ ಪತ್ರ ಬರೆದು ಅನುಮತಿ ಬೇಡಿದರು. ಬರೀ ಕುಣಿತದ ಬೀಟ್ ಬೇಕಿದ್ದರೆ ಆ ಕಷ್ಟ ಬೇಕಿರಲಿಲ್ಲ. ಅವರಿಗೆ ಬೇಕಿದ್ದುದು ಆ ಒಂಟಿತನ.

ದೌರ್ಬಲ್ಯಗಳೂ ಇವೆ. ‘ಐ ಲವ್ ನ್ಯೂಯಾರ್ಕ್’ನ ಸಾಹಿತ್ಯ ನಿಜಕ್ಕೂ ಬಡಕಲು. ಆದರೆ ಆಲ್ಬಮ್ಮಿನ ಕೊನೆಯ ಭಾಗದಲ್ಲಿ ಪಾರ್ಟಿಯ ಕಾವು ಇಳಿಯುತ್ತದೆ ಎಂಬ ದೂರನ್ನು ನಾನು ಒಪ್ಪಲಾರೆ. ಪಾರ್ಟಿ ಎಂಬ ಅಳತೆಗೋಲನ್ನು ತಂದವರು ಈ ವಿಮರ್ಶಕರೇ, ಈಗ ಕೃತಿ ಅದಕ್ಕೆ ಹೊಂದುತ್ತಿಲ್ಲ ಎನ್ನುವವರೂ ಅವರೇ. ‘ಹೌ ಹೈ’ನಲ್ಲಿ ಮಡೋನಾ ಕೀರ್ತಿಯ ಬೆಲೆ ಏನೆಂದು ತಮ್ಮನ್ನೇ ಪ್ರಶ್ನಿಸಿಕೊಳ್ಳುತ್ತಾರೆ. ಮುಂದಿನ ‘ಐಸಾಕ್’ನಲ್ಲಿ ಯಿಟ್ಜಾಕ್ ಸಿನ್ವಾನಿಯವರ ಹೀಬ್ರೂ ಗಾಯನ ಅದೇ ಕುಣಿತದ ಲಯದೊಳಗೆ ಬಂದು ಸೇರುತ್ತದೆ. ಲಯ ನಿಂತಿಲ್ಲ, ಕುಣಿಯುವವಳ ಮನಸ್ಸು ತಿರುಗಿದೆ. ನಿರ್ಮಾಪಕ ಸ್ಟುವರ್ಟ್ ಪ್ರೈಸ್ ಹನ್ನೆರಡು ಹಾಡುಗಳನ್ನೂ ಡಿಜೆಯೊಬ್ಬನ ರಾತ್ರಿಯಂತೆ ತೆರಪಿಲ್ಲದೆ ಬೆಸೆದದ್ದು ಈ ತಿರುವಿಗಾಗಿಯೇ. ಒಂದೊಂದೇ ಹಾಡನ್ನು ಪ್ಲೇಲಿಸ್ಟಿಗೆ ಕಿತ್ತುಕೊಂಡವರಿಗೆ ಅದು ಕೇಳಿಸುವುದಿಲ್ಲ.

ನನ್ನ ಮಟ್ಟಿಗೆ ಇದು 1998ರ ‘ರೇ ಆಫ್ ಲೈಟ್’ಗೆ ಸರಿಸಮ. ಒಪ್ಪದವರು ಕ್ರಮ ತಪ್ಪಿಸದೆ, ಒಂದೇ ಬಾರಿಗೆ, ಕೊನೆಯ ‘ಲೈಕ್ ಇಟ್ ಆರ್ ನಾಟ್’ವರೆಗೆ ಕೂತು ಕೇಳಲಿ. ವಾದಕ್ಕೆ ಆಮೇಲೆ ಬರಲಿ.